ಅವ್ವನ ಸೈಕಲ್ ಕುಂಟೆ

ಕಳೆ ತೆಗೆಯುವುದೆಂದರೆ ಕೂತು ಮಾಡುವ ಹಗುರ ಕೆಲಸ ಎನ್ನುವ ಗಂಡಸರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದೇ ಒಂದು ತಾಸು ಕುಕ್ಕರಗಾಲಲ್ಲಿ ಕೂತು, ಎರೆಮಣ್ಣಿನಲ್ಲಿ ಕುರ್ಪಿ ಆಡಿಸುತ್ತ, ಕೂತಲ್ಲಿಂದ ಏಳದೆ ಕಪ್ಪೆಯ ಹಾಗೆ ಮುಂದೆ ಸರಿಯಲಿ ನೋಡೋಣ. ಆಮೇಲೆ ಎದ್ದು ನಿಂತು ಹಗುರವೋ ಭಾರವೋ ಹೇಳಲಿ.

ಮುನವಳ್ಳಿಯ ನಮ್ಮ ಮನೆಯ ಹಿಂದೆ ಹಿತ್ತಲಿತ್ತು. ಬದನೆ, ಮೆಣಸಿನ ಗಿಡ, ಉಳ್ಳಾಗಡ್ಡಿ, ಗೋಡೆಗೆ ಹಬ್ಬಿದ ಹೀರೆ, ಎಲ್ಲ ಅವ್ವನ ಕೈಯವು. ಅವುಗಳ ನಡುವೆ ಯಾರೂ ಹಚ್ಚದೆ ಬೆಳೆಯುವುದು ಜೇಕು. ಈ ಹುಲ್ಲನ್ನು ಕಿತ್ತರೆ ಎಲೆಯಷ್ಟೇ ಕೈಗೆ ಬರುತ್ತದೆ, ಗಡ್ಡೆ ನೆಲದಲ್ಲೇ ಉಳಿದು ವಾರದೊಳಗೆ ಮತ್ತೆ ಚಿಗುರುತ್ತದೆ. ತೊಂಬತ್ತರ ದಶಕವಿಡೀ ಅವ್ವ ಅದರ ಬೆನ್ನು ಹತ್ತಿ ಕೂತಳು. ಕೊನೆಗೆ ಜೇಕು ಹೋಗಲಿಲ್ಲ, ಅವ್ವನ ಮೊಣಕಾಲು ಹೋದವು. ಇನ್ನು ಕುಕ್ಕರಗಾಲಲ್ಲಿ ಕೂರಲೇಬಾರದು ಎಂದು ಡಾಕ್ಟರು ಹೇಳಿದರು. ಹಾಗಾದರೆ ಹಿತ್ತಲು ಬಿಟ್ಟುಬಿಡು ಎಂದೆ.

"ಬಿಟ್ಟು ಏನ್ ಮಾಡ್ಲಿ? ಗ್ವಾಡಿ ನೋಡಕೋತ ಕುಂದ್ರಲೇನ?" ಎಂದು ನನ್ನನ್ನೇ ಗದರಿದಳು.

ಅವಳ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಒಲೆಯ ಮೇಲೆ ಏನಿಡಬೇಕು ಎನ್ನುವುದನ್ನೂ ನಾಲ್ಕು ಜನರನ್ನು ಕೇಳಿ ನಡೆಸುವ ಆ ಮನೆಯಲ್ಲಿ, ಅವ್ವ ಯಾರನ್ನೂ ಕೇಳದೆ ತನ್ನ ಮನಸ್ಸಿಗೆ ಬಂದದ್ದನ್ನು ಮಾಡುವ ಜಾಗ ಅದೊಂದೇ ಆಗಿತ್ತು. ಅದು ಕೈತಪ್ಪಿದರೆ ಅವಳು ಮಂಕಾಗಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಗುತ್ತಿತ್ತು.

ನಾನಾಗ ಬೈಲಹೊಂಗಲದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಒಮ್ಮೆ ಬಸ್ಸಿನಲ್ಲಿ ರಾಮದುರ್ಗದ ಕಡೆ ಹೋಗುವಾಗ ಉಳ್ಳಾಗಡ್ಡಿ ಹೊಲವೊಂದರಲ್ಲಿ ಒಬ್ಬಾತ ಸೈಕಲ್ಲಿನ ಒಂದೇ ಗಾಲಿಯನ್ನು ಸಾಲಿನ ನಡುವೆ ತಳ್ಳಿಕೊಂಡು ಹೋಗುವುದು ಕಂಡಿತು. ಗಾಲಿಯ ಹಿಂದೆ ಅಗಲವಾದ ಅಲಗು, ಮೇಲೆ ಉದ್ದನೆಯ ಹಿಡಿಕೆ. ಅಲಗು ಮಣ್ಣಿನೊಳಗೇ ಕಳೆಯನ್ನು ಕೊಯ್ದು ಹಾಕುತ್ತಿತ್ತು. ಆತ ನೆಟ್ಟಗೆ ನಿಂತಿದ್ದ! ನಿಂತು ಕಳೆ ತೆಗೆಯಬಹುದು ಎನ್ನುವುದು ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಕೂತವಳು ಅವ್ವ ತಾನೆ?

ಮುಂದಿನ ರವಿವಾರವೇ ನನ್ನ ಹಳೆಯ ಸೈಕಲ್ಲಿನ ಗಾಲಿ ಬಿಚ್ಚಿಸಿ ಸವದತ್ತಿಯ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅವ್ವನ ಎತ್ತರಕ್ಕೆ ಸರಿಯಾಗಿ ಹಿಡಿಕೆ ಹಾಕಿಸಿ, ಕಂಡಕ್ಟರನ ಕೈಕಾಲು ಹಿಡಿದು ಬಸ್ಸಿನ ಮೇಲೆ ಹೇರಿಸಿಕೊಂಡು ಊರಿಗೆ ತಂದೆ.

ಅಂಗಳದಲ್ಲೇ ದೊಡ್ಡಪ್ಪ ಎದುರಾದ. ಅಪ್ಪನ ಅಣ್ಣ ಅವನು. ಪಕ್ಕದ ಮನೆಯಲ್ಲಿದ್ದುಕೊಂಡು ಹೊಲವನ್ನೂ ನೋಡುತ್ತಿದ್ದ, ನಮ್ಮನ್ನೂ ಆಳುತ್ತಿದ್ದ.

"ಏನದು?"

"ಸೈಕಲ್ ಕುಂಟಿರಿ ದೊಡ್ಡಪ್ಪ. ಅವ್ವಗ ಮಾಡಿಸೇನಿ."

"ಹೆಣ್ಣಮಕ್ಕಳು ಕುಂಟಿ ಹೊಡಿತಾರೇನ? ನಮ್ಮ ಮನಿತಾನದಾಗ ಆ ಪದ್ಧತಿ ಇಲ್ಲ. ಮಳಿ ಬೆಳಿ ಹೋಗತಾವ."

"ಕುರ್ಪಿ ಹಿಡದ್ರ ಹೋಗಲಾರದ ಮಳಿ, ಕುಂಟಿ ಹಿಡದ್ರ ಹೆಂಗ್ ಹೋಗತೈತ್ರಿ?"

"ನಾಕ ಅಕ್ಷರ ಕಲತಿ ಅಂತ ಬಾಯಿ ಭಾಳ ಬಂದೈತಿ ನಿನಗ," ಎಂದ. ಅಪ್ಪ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದವನು ತಲೆ ಎತ್ತಲಿಲ್ಲ. ಅಣ್ಣನ ಮುಂದೆ ತುಟಿ ಪಿಟಕ್ಕೆನ್ನದ ಆ ವಿನಯವನ್ನು ಊರೆಲ್ಲ ಹೊಗಳುತ್ತಿತ್ತು. ನನಗಂತೂ ಆ ಪೇಪರು ಕಸಿದು ಹರಿದುಹಾಕಬೇಕೆನಿಸಿತು. ಕುಂಟೆ ದನದ ಕೊಟ್ಟಿಗೆಯ ಮೂಲೆ ಸೇರಿತು.

ಎರಡು ವಾರ ಬಿಟ್ಟು ಬಂದಾಗ ಅವ್ವ ಮತ್ತೆ ಕುರ್ಪಿ ಹಿಡಿದು ಕೂತಿದ್ದಳು. ಕೊಟ್ಟಿಗೆಯಲ್ಲಿ ಕುಂಟೆ ಇರಲಿಲ್ಲ.

"ನಿಮ್ಮ ದೊಡ್ಡಪ್ಪಾರು ಹೊಲಕ್ಕ ಒಯ್ದಾರ," ಎಂದಳು, ಉಪ್ಪು ಒಯ್ದಿದ್ದಾರೆ ಎನ್ನುವಷ್ಟು ಸಹಜವಾಗಿ.

ಚಪ್ಪಲಿ ಮೆಟ್ಟಿ ನೇರ ಹೊಲಕ್ಕೆ ಹೋದೆ. ದೊಡ್ಡಪ್ಪ ಮೆಣಸಿನ ಗಿಡಗಳ ನಡುವೆ ಅವ್ವನ ಕುಂಟೆಯನ್ನು ಹಾಯಾಗಿ ತಳ್ಳುತ್ತಿದ್ದ. ಅದೇ ಹೊಲದಲ್ಲಿ ದೊಡ್ಡವ್ವ ಕೂತು ಕುರ್ಪಿ ಆಡಿಸುತ್ತಿದ್ದಳು. ಅವನ ಕೈಯಿಂದ ಕುಂಟೆ ಕಸಿದುಕೊಂಡು, ಹೆಗಲ ಮೇಲೆ ಹೊತ್ತು, ಓಣಿಯ ಜನವೆಲ್ಲ ನೋಡುವಂತೆ ನೇರ ಹಿತ್ತಲಿಗೆ ತಂದೆ. ಹಿಂದೆಯೇ ಅವನೂ ಬಂದ, ಹಿತ್ತಲ ಬಾಗಿಲಲ್ಲಿ ನಿಂತು ಅಪ್ಪನನ್ನು ಕೂಗಿ ಕರೆದ.

"ನಿನ್ನ ಮಗಳಿಗಿ ಬುದ್ಧಿ ಹೇಳು! ನಡಾ ನೋಯತೈತಿ, ಬಗ್ಗಾಕ ಆಗವಲ್ದು ಅಂತ ಒಯ್ದಿದ್ದೆ. ಹಿರ್‍ಯಾರ ಕೈಯಾಗಿಂದ ಕಸಗೊಂಡ ಬರತಾಳಲಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಬದನೆ ಸಾಲಿನಲ್ಲಿ ಕೂತಿದ್ದ ಅವ್ವ ಏಳತೊಡಗಿದಳು. ಎರಡೂ ಕೈ ನೆಲಕ್ಕೆ ಊರಿ, ಒಂದು ಕಾಲು ಎಳೆದುಕೊಂಡು, ಸ್ವಲ್ಪ ತಡೆದು, ಇನ್ನೊಂದು ಕಾಲು ಎಳೆದುಕೊಂಡು. ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಪ್ಪ, ದೊಡ್ಡಪ್ಪ ಇಬ್ಬರೂ ಅದನ್ನು ನೋಡಬೇಕಾಯಿತು. ಮದುವೆಯಾಗಿ ಬಂದಂದಿನಿಂದ ಅವ್ವ ಈ ಭಾವನ ಜೊತೆ ನೇರವಾಗಿ ಒಂದು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಲ್ಲಿ ನಿಂತು ನಮ್ಮ ಬಾಯಿಂದ ಹೇಳಿಸುತ್ತಿದ್ದಳು. ಅವತ್ತು ನನ್ನ ಕಡೆ ತಿರುಗಲೂ ಇಲ್ಲ.

"ಭಾವಾರ," ಎಂದಳು, "ನಡಾ ನಿಮಗೊಬ್ಬರಿಗೇ ಐತೇನ್ರಿ?"

ದೊಡ್ಡಪ್ಪ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಅವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿ, ನನ್ನ ಹೆಗಲ ಮೇಲಿಂದ ಕುಂಟೆ ಇಳಿಸಿಕೊಂಡು, ಅವರಿಬ್ಬರ ಎದುರಿಗೇ ಬದನೆಯ ಸಾಲಿಗೆ ಹೂಡಿದಳು.