ಸಿಲೋನಿನ ಮೋಟಾರ್ ಸೈಕಲ್ಲಿಗೆ ಇಬ್ಬರ ರುಜು

ಮೊನ್ನೆ ಮೊಮ್ಮಗಳು, "ಅಜ್ಜಿ, ನೀನು ಮೊದಲ ಸಲ ಮೋಟಾರ್ ಸೈಕಲ್ ನೋಡಿದ್ದು ಯಾವಾಗ?" ಎಂದು ಕೇಳಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ತುರಿಯುತ್ತಿದ್ದ ತೆಂಗಿನಕಾಯಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ನೋಡುವ ಮೊದಲೇ ಅದರ ಜಾತಕ ಓದಿದವಳು ನಾನು! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವಾಗ ಹಿಂದೆಮುಂದೆ ಆದರೆ ಆಗಲಿ. ಬರೆಯದೆ ಇರಲು ಆಗುವುದಿಲ್ಲ.

ನನ್ನ ತಮ್ಮ ಸಣ್ಣ ಪ್ರಾಯದಲ್ಲೇ ಸಿಲೋನಿಗೆ ಹೋಗಿ, ಕೊಲಂಬೊದ ಒಂದು ಹೋಟೆಲಿನಲ್ಲಿ ದೋಸೆಕಾವಲಿಯ ಮುಂದೆ ನಿಂತವನು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಇನ್ನು ಅಲ್ಲಿ ಇರಲು ಪರವಾನಗಿ ಸಿಗುವುದಿಲ್ಲ, ಊರಿಗೇ ಬರುತ್ತೇನೆ ಎಂದು ಅವನ ಕಾಗದ ಬಂತು. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತು ದುಡಿದದ್ದನ್ನೆಲ್ಲ ಅವನು ಒಂದು ಮೋಟಾರ್ ಸೈಕಲ್ಲಿಗೆ ಹಾಕಿದ್ದ. ಅದರಲ್ಲೇ ಕುಳಿತು ಮನೆಯವರೆಗೆ ಬರುತ್ತೇನೆ ಎಂದು ಬರೆದಿದ್ದ.

ಕಾಗದವನ್ನು ಮನೆಯವರಿಗೆಲ್ಲ ಓದಿ ಹೇಳಿದವಳು ನಾನೇ. ಆ ಗಾಡಿಯ ಇಂಜಿನಿಗೆ ಒಂದು ನಂಬರ್, ಚೌಕಟ್ಟಿಗೆ ಇನ್ನೊಂದು ನಂಬರ್ ಕೊರೆದಿರುತ್ತದಂತೆ; ಎರಡನ್ನೂ ಬರೆದು ಕಳಿಸಿದ್ದ. ಅದು ಯಾವ ದೇಶದಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆಲ್ಲ ಬೇರೆ ಬೇರೆ ಕಾಗದವಂತೆ. ಕೊಲಂಬೊದಿಂದ ತಲೈಮನ್ನಾರ್, ಅಲ್ಲಿ ಹಡಗು ಹತ್ತಿ ಧನುಷ್ಕೋಡಿ. ಅಲ್ಲಿಂದ ರಸ್ತೆಯಿಲ್ಲ, ಸಮುದ್ರದ ಮೇಲೆ ಕಟ್ಟಿದ ಸೇತುವೆಯಲ್ಲಿ ರೈಲಿನೊಳಗೆ ಕುಳಿತು ಗಾಡಿಯೂ ಬರಬೇಕಂತೆ. ಆಮೇಲೆ ಮಧುರೆ, ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ. ಗಾಡಿಯೊಂದು ಹಡಗು ಹತ್ತುವುದು, ರೈಲು ಹತ್ತುವುದು! ನಮ್ಮ ಅಮ್ಮ ಆವರೆಗೆ ಪುತ್ತೂರು ದಾಟಿದವರಲ್ಲ. ಅವರು ಕೇಳಿದ್ದು ಒಂದೇ: "ಅಷ್ಟು ದೂರ ಬರುವಾಗ ಅದಕ್ಕೆ ಕುಡಿಯಲಿಕ್ಕೆ ಎಂತ ಕೊಡುದು?"

ತಮ್ಮ ನಮ್ಮಿಂದ ಕೇಳಿದ್ದು ಒಂದು ಕಾಗದ ಮಾತ್ರ. ತಾನು ಇಂಥ ಊರಿನ, ಇಂಥ ಮನೆಯವ, ಅಲ್ಲಿಗೇ ಖಾಯಂ ಆಗಿ ಬರುತ್ತಿರುವವ ಎಂದು ಪಟೇಲರು ಬರೆದು, ಪುತ್ತೂರಿನ ತಾಲೂಕು ಕಚೇರಿಯ ಮೊಹರು ಬೀಳಬೇಕು. ಖಾಯಂ ಬರುವವರಿಗೆ ಮಾತ್ರ ತಾವು ಬಳಸಿದ ಗಾಡಿ ತರಲು ಬಿಡುತ್ತಾರಂತೆ.

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನಿಕೆ ತಾಯಿಯ ಅಣ್ಣನದು. ನಾವಿದ್ದದ್ದು ಕಡಬದ ಹತ್ತಿರ ಮಾವನ ಯಜಮಾನಿಕೆಯ ಮನೆಯಲ್ಲಿ. ಅಪ್ಪ ಇದ್ದದ್ದು ಸುಳ್ಯದ ಆಚೆ, ಅವರ ತಾಯಿಯ ಮನೆಯಲ್ಲಿ. ವಾರಕ್ಕೋ ಹದಿನೈದು ದಿನಕ್ಕೋ ಬರುತ್ತಿದ್ದರು. ಬಂದಾಗ ಜಗಲಿಯಲ್ಲಿ ಕುಳಿತು ಬೆಲ್ಲ ತಿಂದು ನೀರು ಕುಡಿದು, ನೆಂಟರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು.

ಪಟೇಲರದೂ ಅದೇ ಕಟ್ಟುಕಟ್ಟಳೆಯ ಮನೆ. ಮನೆಯ ಹೆಸರು ಬರೆದರು, ಯಜಮಾನ ಎಂದು ಮಾವನ ಹೆಸರು ಬರೆದರು. ಮಾವ ಕನ್ನಡಕ ಹಾಕಿ ರುಜು ಮಾಡಿದರು. ಕಚೇರಿಯ ಗುಮಾಸ್ತ ಈ ಸೀಮೆಯವನೇ, ಓದಿ ತಲೆಯಾಡಿಸಿ ಮೊಹರು ಹಾಕಿಸಿಕೊಟ್ಟ. ಬರೆದವರಿಗೂ ಓದಿದವರಿಗೂ ಅದರಲ್ಲಿ ಒಂದು ಕೊರತೆ ಉಂಟು ಎಂದು ಹೊಳೆಯಲೇ ಇಲ್ಲ. ನನಗೂ ಇಲ್ಲ.

ಹೊಳೆದದ್ದು ಧನುಷ್ಕೋಡಿಯ ಸುಂಕದವರಿಗೆ.

ಒಂದು ಮಧ್ಯಾಹ್ನ ಅಂಚೆಯವ ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ, ಓಡುತ್ತ ಬಂದ. ದೂರದಿಂದಲೇ ಕೂಗಿದ, "ಟೆಲಿಗ್ರಾಂ ಉಂಟು! ಸತ್ತದ್ದು ಯಾರೂ ಅಲ್ಲ! ಕೂಗಬೇಡಿ ಮಾರಾಯ್ರೆ, ಯಾರೂ ಸತ್ತದ್ದಲ್ಲ!" ಅಮ್ಮನಿಗೆ ಕೇಳಿದ್ದು 'ಸತ್ತದ್ದು' ಎಂಬುದಷ್ಟೇ. ಅವರು ಕೂಗಿ ಅತ್ತು ಮುಗಿಸುವವರೆಗೆ ಅಂಚೆಯವ ಅಂಗಳದಲ್ಲಿ ತಲೆಗೆ ಕೈಹೊತ್ತು ನಿಂತಿದ್ದ. ಆಮೇಲೆ ಪೋಸ್ಟ್ ಮಾಸ್ತರರು ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಗಾಡಿಯನ್ನು ತಡೆದಿದ್ದಾರೆ. ತಮ್ಮನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಸುಳ್ಯದ ಊರು ಉಂಟು. ನಾವು ಕಳಿಸಿದ ಕಾಗದದಲ್ಲಿ ಬೇರೆ ಯಾರದೋ ಹೆಸರು, ಕಡಬದ ಮನೆ. ಎರಡೂ ಒಬ್ಬನೇ ಮನುಷ್ಯ ಎಂದು ಕಾಗದ ಬಾರದಿದ್ದರೆ ಗಾಡಿ ಹರಾಜಿಗೆ.

ಮಾವನ ಮುಖ ಕೆಂಪಾಯಿತು. "ಬೇರೆ ಯಾರದೋ ಹೆಸರಾ? ಅವನಿಗೆ ಅನ್ನ ಹಾಕಿದ ಯಜಮಾನ ನಾನು, ಬೇರೆ ಯಾರೋ ಆದೆನಾ?"

"ನನ್ನತ್ರ ಎಂತಕ್ಕೆ ಜೋರು ಮಾಡುದು ಯಜಮಾನ್ರೆ?" ಎಂದ ಅಂಚೆಯವ. "ನಾನು ತಂದುಕೊಡುವವ ಮಾತ್ರ."

ಮರುದಿನ ಮೊದಲ ಬಸ್ಸಿಗೆ ಮಾವ ಮತ್ತು ನಾನು ಪುತ್ತೂರಿಗೆ ಹೊರಟೆವು. ಮಾವನಿಗೆ ಸಣ್ಣ ಅಕ್ಷರ ಕಾಣದು, ಓದಲು ನಾನು. ಅಪ್ಪನಿಗೆ ಹೇಳಿಕಳಿಸಿದ್ದೆವು. ಅವರು ಪುತ್ತೂರಿನ ದರ್ಬೆಯಲ್ಲಿ ಬಸ್ಸಿಳಿದು, ಒಗೆದ ಅಂಗಿ ಹಾಕಿ, ನಮಗಿಂತ ಮೊದಲೇ ಕಚೇರಿಯ ಮರದಡಿಯಲ್ಲಿ ನಿಂತಿದ್ದರು.

ಹೊಸದಾಗಿ ಬಂದಿದ್ದ ತಹಸೀಲ್ದಾರರು ಘಟ್ಟದ ಮೇಲಿನವರು. ಟೆಲಿಗ್ರಾಂ ಮತ್ತು ಹಿಂದಿನ ಕಾಗದದ ನಕಲನ್ನು ಎರಡು ಸಲ ಓದಿ ತಲೆಯೆತ್ತಿದರು.

"ಏನ್ರೀ ಇದು? ಹುಡುಗನ ತಂದೆ ಬದುಕಿದ್ದಾರೇನು?"

"ಇದ್ದಾರೆ ಸ್ವಾಮಿ. ಇವರೇ," ಎಂದು ಮಾವ ಅಪ್ಪನನ್ನು ತೋರಿಸಿದರು.

"ತಂದೆ ಇಲ್ಲಿ ನಿಂತಿರುವಾಗ ನೀವು ಹೇಗ್ರೀ ಯಜಮಾನರು?"

"ಅದು ಹಾಗೆಯೇ ಸ್ವಾಮಿ. ಮಗ ಅವರವ. ಹುಡುಗ ನಮ್ಮ ಮನೆಯವ."

"ಹಾಗಾದ್ರೆ ನಿಮ್ಮ ಮಕ್ಕಳು?"

"ಅವು ಅವುಗಳ ಮಾವನ ಮನೆಯವು."

"ನಿಮ್ಮ ಮನೆಯಲ್ಲಿ ನಿಮ್ಮ ಮಕ್ಕಳು ಏನಾಗ್ಬೇಕು ಮತ್ತೆ?"

"ನೆಂಟರು ಸ್ವಾಮಿ. ಹಬ್ಬಕ್ಕೆ ಬರ್ತಾರೆ."

ತಹಸೀಲ್ದಾರರು ಪೆನ್ನು ಕೆಳಗಿಟ್ಟರು. ಗುಮಾಸ್ತ ನಗು ತಡೆಯಲಾರದೆ ಕಪಾಟಿನ ಕಡೆ ತಿರುಗಿದ. "ಸರಿ," ಎಂದರು ತಹಸೀಲ್ದಾರರು, "ತಂದೆಯ ಹೆಸರಿನಲ್ಲಿ ಹೊಸದೊಂದು ಬರೆದುಕೊಡೋಣ. ಸುಳ್ಯದ ಮನೆಯವನು ಅಂತ. ಮುಗೀತು."

ಆಗ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. ಆ ಸ್ವರ ನನಗೆ ಇನ್ನೂ ಕೇಳುತ್ತದೆ. "ಸ್ವಾಮಿ, ಹಾಗೆ ಬರೆದ್ರೆ ಅವನು ಕಡಬದ ಮನೆಯವ ಅಲ್ಲ ಅಂತ ಆಗುದಿಲ್ವಾ? ನಾಳೆ ಅವನಿಗೆ ಅಲ್ಲಿ ನಿಲ್ಲಲಿಕ್ಕೆ ನೆಲೆ ಬೇಡವಾ? ನನ್ನಲ್ಲಿ ಅವನಿಗೆ ಕೊಡಲಿಕ್ಕೆ ಎಂತದೂ ಇಲ್ಲ. ನನ್ನ ಹೆಸರು ಬೇಡ. ಗಾಡಿ ಹೋದ್ರೆ ಹೋಗಲಿ."

ನನಗೆ ಎರಡು ಯೋಚನೆ ಒಟ್ಟಿಗೆ ಬಂದವು. ಅಷ್ಟು ವರ್ಷದ ದುಡಿಮೆ, ಹಡಗು ಹತ್ತಿ ಬಂದದ್ದು, ಮರಳಿನ ದಡದಲ್ಲಿ ಹೋಗುತ್ತದಲ್ಲ ಎಂದು. ಅಪ್ಪ ನಮ್ಮ ಬಗ್ಗೆ ಇಷ್ಟೆಲ್ಲ ಯೋಚಿಸಿಕೊಂಡು ನಮ್ಮ ಜಗಲಿಯಲ್ಲಿ ಕುಳಿತಿರುತ್ತಿದ್ದರೇ ಎಂದೂ.

ಮಾವ ಕೆಮ್ಮಿದರು. ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡರು. "ಭಾವ, ನೀವು ಸ್ವಲ್ಪ ಸುಮ್ಮನಿರಿ," ಎಂದರು. "ಸ್ವಾಮಿ, ಬರೆಯಿರಿ. ಇವರ ಹೆಸರೇ ಮೇಲೆ ಬರೆಯಿರಿ, ಅಪ್ಪ ಅಂತ. ಅದರ ಕೆಳಗೆ ನಾನು ಹೇಳುದು ಬರೆಯಿರಿ: ಅಪ್ಪನ ಹೆಸರು ಮೇಲೆ ಬಂತು ಅಂತ ಇವನಿಗೆ ನಮ್ಮ ಮನೆಯ ಬಾಗಿಲು ಮುಚ್ಚುದಿಲ್ಲ. ಅದಕ್ಕೆ ನನ್ನ ರುಜು. ನಾನಿರುವವರೆಗೆ ಯಾರೂ ಕೇಳುವ ಹಾಗಿಲ್ಲ."

"ಬಾಗಿಲು ಮುಚ್ಚುವುದಿಲ್ಲ ಅಂತ ಸರ್ಕಾರಿ ಕಾಗದದಲ್ಲಿ ಬರೆಯೋದು ಹೇಗ್ರೀ?" ಎಂದರು ತಹಸೀಲ್ದಾರರು. ಆದರೂ ಬರೆದರು, ಅವರದೇ ಕೈಯಿಂದ, ಬಹಳ ಹೊತ್ತು. ಈ ನಾಡಿನ ಕಟ್ಟಿನ ಪ್ರಕಾರ ಮನುಷ್ಯನೊಬ್ಬನಿಗೆ ಹೆಸರು ಕೊಡುವ ತಂದೆ ಒಬ್ಬರು, ಮನೆ ಕೊಡುವ ಮಾವ ಒಬ್ಬರು, ಈ ಹುಡುಗ ಇಬ್ಬರಿಗೂ ಸಂಬಂಧಪಟ್ಟ ಒಬ್ಬನೇ ವ್ಯಕ್ತಿ ಎಂಬ ಅರ್ಥದಲ್ಲಿ. ಮಾವ ರುಜು ಮಾಡಿದರು. ಅಪ್ಪ ಎಡಗೈ ಹೆಬ್ಬೆಟ್ಟು ಒತ್ತಿದರು. ನೀಲಿ ಮೊಹರು ಎರಡರ ನಡುವೆ ಬಿತ್ತು. ಒಂದು ಅಂಗೈಯಗಲದ ಶಾಯಿ ಸಮುದ್ರದ ದಡದಲ್ಲಿ ನಿಂತ ಕಬ್ಬಿಣವನ್ನು ಬಿಡಿಸುತ್ತದೆ ಎಂದರೆ! ನಾನು ಕೈಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ.

ಕಾಗದ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಆಮೇಲೆ ಸುದ್ದಿಯಿಲ್ಲ. ಅಮ್ಮನಿಗೆ ಊಟ ಸೇರದು. ಮಾವ ದಿನಾ ಅಂಚೆಯವನ ದಾರಿ ಕಾಯುವರು. ಅವನು ದೂರದಿಂದಲೇ ಕೈಯಾಡಿಸಿ, "ಇಲ್ಲ, ಇಲ್ಲ" ಎನ್ನುವನು.

ಬಂದದ್ದು ಕಾಗದವಲ್ಲ, ಶಬ್ದ. ಮಟಮಟ ಮಧ್ಯಾಹ್ನ ಹೊಳೆಯ ಕಡೆಯಿಂದ ಡುಗ್ ಡುಗ್ ಡುಗ್ ಎಂದು. ದನಗಳು ಹಗ್ಗ ಎಳೆದವು. ಎರಡು ದೋಣಿ ಜೋಡಿಸಿದ ಜಂಗಲ್ಲಿನಲ್ಲಿ ಹೊಳೆ ದಾಟಿಸಿದ್ದರಂತೆ. ಸಮುದ್ರ ದಾಟಿದ್ದಕ್ಕೆ ನಮ್ಮ ಹೊಳೆ ಯಾವ ಲೆಕ್ಕ! ಅಂಗಳಕ್ಕೆ ಬಂದಾಗ ಅದು ಕಪ್ಪೋ ಕೆಂಪೋ ಎಂದು ಗೊತ್ತಾಗದಷ್ಟು ಧೂಳು. ನಾನು ಇಂಜಿನನ್ನು ಮುಟ್ಟಲು ಹೋಗಿ ಬೆರಳು ಸುಟ್ಟುಕೊಂಡೆ. ಆ ಉರಿಯಲ್ಲೂ ನಗು ಬಂತು. ಧೂಳು ಒರೆಸಿ ನೋಡಿದರೆ ತಮ್ಮ ಬರೆದಿದ್ದ ನಂಬರು ಹಾಗೆಯೇ ಇತ್ತು!

ಹಿಂದಿನ ಸೀಟಿನಲ್ಲಿ ಅಪ್ಪ ಇದ್ದರು. ಸಂಪಾಜೆ ಇಳಿದು ಬರುವಾಗ ಸುಳ್ಯದ ಮನೆಗೆ ಹೋಗಿ ಅವರನ್ನು ಕೂರಿಸಿಕೊಂಡು ಬಂದಿದ್ದ ತಮ್ಮ. ಯಾವಾಗಲೂ ನಡೆದು ಬಂದು ಮೆಟ್ಟಿಲ ಬಳಿ ಕಾಲು ತೊಳೆದು ಕಾಯುತ್ತಿದ್ದ ಅಪ್ಪ, ಎರಡೂ ಕೈಯಲ್ಲಿ ಮಗನ ಸೊಂಟ ಹಿಡಿದು, ಕಣ್ಣು ಮುಚ್ಚಿ, ಬಾಯಿ ತುಂಬ ನಗುತ್ತಿದ್ದರು.

ಮಾವ ಜಗಲಿಯಿಂದ ಇಳಿದು ಅಂಗಳದ ನಡುವಿಗೇ ಬಂದು ಕೈ ನೀಡಿದರು. "ಇಳಿಯಿರಿ ಭಾವ, ಬಂತಲ್ಲ ಮನೆ."

ಅಪ್ಪ ಕಣ್ಣು ಬಿಟ್ಟು ಸುತ್ತ ನೋಡಿದರು. "ನಾನು ಇಳಿಯುದಿಲ್ಲ," ಎಂದರು. "ಇನ್ನೊಂದು ಸುತ್ತು ಹೋಗಿ ಬರ್ತೇನೆ."

"ಹೋ! ಹಾಗಾದ್ರೆ ಯಜಮಾನನ ಸರದಿ ಯಾವಾಗ?" ಎಂದು ಮಾವ ಕೇಳುವಷ್ಟರಲ್ಲಿ ತಮ್ಮ ಗಾಡಿ ತಿರುಗಿಸಿಯಾಗಿತ್ತು. ಅಮ್ಮ ಒಂದು ಕೈಯಲ್ಲಿ ಬೆಲ್ಲ, ಇನ್ನೊಂದು ಕೈಯಲ್ಲಿ ನೀರಿನ ಚೆಂಬು ಹಿಡಿದು ಗದ್ದೆಯವರೆಗೂ ಅವರ ಹಿಂದೆ ಓಡಿದರು.