ಸಮುದ್ರಕ್ಕೆ ಗೇಟು ಎಲ್ಲಿದೆ?

ಶ್ರೀರಂಗಪಟ್ಟಣದ ಮ್ಯೂಸಿಯಮ್ಮಿನಲ್ಲಿ ತಿಂಗಳಿಗೊಂದು ಭಾನುವಾರ ನಾನು ಮುಳುಗಿದ ಹಡಗುಗಳ ಬಗ್ಗೆ ಭಾಷಣ ಮಾಡುತ್ತಿದ್ದೆ. ಸುತ್ತ ಎಲ್ಲಿ ನೋಡಿದರೂ ಕಬ್ಬು, ಭತ್ತ, ಕಾವೇರಿ. ಸಮುದ್ರವೆಂದರೆ ನಮ್ಮ ಕಡೆಯ ಹೆಚ್ಚಿನವರಿಗೆ ಧರ್ಮಸ್ಥಳದ ಟ್ರಿಪ್ಪಿಗೆ ಹೋದಾಗ ಒಂದು ಸಂಜೆ ಕಾಲು ನೆನೆಸಿಕೊಂಡು ಬಂದ ನೆನಪು, ಅಷ್ಟೇ. ಆದರೂ ಜನ ಬರುತ್ತಿದ್ದರು. ಇಲ್ಲಿಂದ ಆಳಿದ ಸುಲ್ತಾನ ತುರ್ಕಿಯವರೆಗೂ ಹಡಗು ಕಳಿಸಿದ್ದ, ಹೋದವರಲ್ಲಿ ಬಹಳ ಜನ ವಾಪಸ್ಸು ಬರಲೇ ಇಲ್ಲ ಎಂದು ಶುರು ಮಾಡಿದರೆ, ಗಂಜಾಂನಲ್ಲಿ ನಿಮಿಷಾಂಬನ ದರ್ಶನ ಮುಗಿಸಿ ನೆರಳಿಗೆಂದು ನುಗ್ಗಿದವರೂ ಕೂತು ಕೇಳುತ್ತಿದ್ದರು. ಪಾಂಡವಪುರದಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಎದುರಿಗೆ ನಾಲ್ಕು ಜನ ಕೂತರೆ ಸಾಕು, ಬಾಯಿ ತಾನಾಗಿ ಓಡುತ್ತದೆ.

ಈ ಹುಚ್ಚು ಹತ್ತಿದ್ದು ನನ್ನ ತಮ್ಮನಿಂದ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಫಿಟ್ಟರಾಗಿದ್ದವನು ಸರಕು ಹಡಗಿನ ಕೆಲಸಕ್ಕೆ ಸೇರಿದ. ಇಂಗ್ಲಿಷಿನ ಅರ್ಜಿ ತುಂಬಿಕೊಟ್ಟವನು ನಾನೇ. ಎರಡನೇ ಸಲ ಹೋದಾಗ ಆಫ್ರಿಕಾದ ಆಚೆ ಎಲ್ಲೋ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಬಂದ ಕಾಗದದಲ್ಲಿ ಅವನ ಹೆಸರಿನ ಮುಂದೆ ‘ಕಾಣೆಯಾಗಿದ್ದಾರೆ’ ಎಂದಿತ್ತು.

ನಮ್ಮ ಕಡೆ ನಾಲೆಗೆ ಬಿದ್ದವರನ್ನು ಹೆಚ್ಚು ಹುಡುಕುವುದಿಲ್ಲ. ಕೆಳಗಡೆ ನೀರು ತಡೆಯುವ ಗೇಟಿನ ಹತ್ತಿರ ಹೋಗಿ ಕೂರುತ್ತಾರೆ. ಒಂದು ದಿನಕ್ಕೋ ಮೂರು ದಿನಕ್ಕೋ ನೀರೇ ಹೆಣವನ್ನು ಅಲ್ಲಿಗೆ ತರುತ್ತದೆ. ಅಲ್ಲಿಯವರೆಗೆ ಮನೆಯವರು ಹೊದಿಸಲು ಒಂದು ಹೊಸ ಪಂಚೆ ಹಿಡಿದು ಏರಿಯ ಮೇಲೆ ಕಾಯುತ್ತಾರೆ. ತಮ್ಮನ ಸುದ್ದಿ ಬಂದಾಗಲೂ ಸಿಂಧಘಟ್ಟದ ನಮ್ಮ ಮನೆಯವರು ಹಾಗೇ ಮಾಡಿದರು. ಟೆಂಪೋ ಮಾಡಿಕೊಂಡು ಮಂಗಳೂರಿಗೆ ಹೋಗಿ ಮರಳಿನ ಮೇಲೆ ಮೂರು ದಿನ ಕೂತರು. ತಮ್ಮನ ಹೆಂಡತಿಯ ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಪಂಚೆ. ಅವನು ಮುಳುಗಿದ ನೀರು ಎಲ್ಲಿ, ನಾವು ಕೂತ ದಡ ಎಲ್ಲಿ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನೂ ಕೂತೆ. ಎಲ್ಲರಿಗೂ ಕಾಫಿ ತಂದುಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ. ಹೇಳಿದರೆ ಅವಳು ಅಲ್ಲೇ ಕುಸಿದುಬಿಡುತ್ತಾಳೆ ಎಂದು ಹೆದರಿದೆ. ನಾಲ್ಕನೇ ದಿನ ಬೆಳಿಗ್ಗೆ ಅವಳೇ ಎದ್ದು, ಸೀರೆಯ ಮರಳು ಕೊಡವಿಕೊಂಡು ಟೆಂಪೋ ಹತ್ತಿದಳು.

ಆಮೇಲೆ ಪ್ರತಿ ಪಿತೃಪಕ್ಷದಲ್ಲಿ ಅವಳು ನಮ್ಮ ಅಪ್ಪನಿಗೆ, ಅವ್ವನಿಗೆ ಎಡೆ ಇಡುತ್ತಿದ್ದಳು. ಗಂಡನಿಗೆ ಇಡುತ್ತಿರಲಿಲ್ಲ. ಅವನು ಬದುಕಿ ಬರುತ್ತಾನೆಂದು ನಂಬಿಕೊಂಡಿದ್ದಾಳೆ, ಪಾಪ, ಅಂತ ನಾವೆಲ್ಲ ಅಂದುಕೊಂಡೆವು. ಆ ನಂಬಿಕೆಗೆ ನೀರೆರೆಯುವುದೇ ದೊಡ್ಡ ಉಪಕಾರವೆಂದು ನಾನು ಬಗೆದೆ. ಹಡಗು ಒಡೆದು ದ್ವೀಪ ಸೇರಿ ವರ್ಷಗಟ್ಟಲೆ ಬದುಕಿ ಬಂದವರ ಕಥೆಗಳನ್ನು ಲೈಬ್ರರಿಯಲ್ಲಿ ಹುಡುಕಿ ಓದಿ, ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದೆ. ಹೀಗೆ ಓದುತ್ತ ಓದುತ್ತಲೇ ಭಾಷಣಕಾರನಾದೆ. ಅವಳು ಬಾಗಿಲ ಪಕ್ಕ ನಿಂತು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ಭಾವನ ಎದುರು ನಿಂತು ಮಾತಾಡುವ ಹೆಂಗಸಲ್ಲ ಅವಳು.

ಹನ್ನೊಂದು ವರ್ಷವಾದ ಮೇಲೆ, ಹೋದ ವರ್ಷ, ಒಂದು ಭಾನುವಾರ ಅವಳು ಕೆ.ಆರ್. ಪೇಟೆಯಿಂದ ಬಸ್ಸು ಹತ್ತಿ ಮ್ಯೂಸಿಯಮ್ಮಿಗೇ ಬಂದಳು. ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳನ್ನು ಕಂಡು ಅವತ್ತೂ ದ್ವೀಪದ ಕಥೆಯಲ್ಲೇ ಭಾಷಣ ಮುಗಿಸಿದೆ. ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ಅವಳು ಎದ್ದು ನಿಂತಳು.

“ಭಾವ, ನಾಲೆಗ್ ಬಿದ್ದೋರು ಗೇಟ್ ತಾವ ಸಿಕ್ತಾರೆ. ಸಮುದ್ರುಕ್ಕೆ ಗೇಟು ಎಲ್ಲದೆ?”

ಜನ ಗೊಳ್ಳೆಂದು ನಕ್ಕರು. ನನ್ನೊಳಗೆ ಯಾವ ದೆವ್ವ ಹೊಕ್ಕಿತ್ತೋ.

“ಸಮುದ್ರಕ್ಕೆ ಗೇಟಿದ್ದಿದ್ರೆ ನಮ್ ಮಂಡ್ಯದೋರು ಅದ್ನೂ ಎತ್ತಿ ಗದ್ದೆಗೆ ನೀರು ಬುಟ್ಕೊತಿದ್ರು ಕಣವ್ವ!”

ಚಪ್ಪಾಳೆ ಬಿತ್ತು. ಅವಳೂ ಸ್ವಲ್ಪ ನಕ್ಕು ಕೂತಳು. ನನ್ನ ಭಾಷಣಗಳಲ್ಲಿ ಅಷ್ಟು ಚಪ್ಪಾಳೆ ಗಿಟ್ಟಿಸಿದ್ದು ಅದೊಂದೇ ಮಾತು. ನೆನೆದರೆ ಈಗಲೂ ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ.

ಬಸ್‌ಸ್ಟ್ಯಾಂಡಿನವರೆಗೂ ಅವಳ ಜೊತೆ ನಡೆದೆ. ಬಸ್ಸಿಗೆ ಕಾಯುತ್ತ ನಿಂತಾಗ ಅವಳೇ ಮಾತು ತೆಗೆದಳು.

“ಅಂಗಾರೆ ಗೇಟು ಇಲ್ವಾ ಭಾವ?”

ಇನ್ನು ಕಥೆ ಹೇಳಲು ಆಗಲಿಲ್ಲ. “ಇಲ್ಲ ಕಣವ್ವ. ಅವ್ನು ಮುಳುಗಿದ್ದು ಎಲ್ಲೋ, ನಾವು ಕೂತಿದ್ದು ಎಲ್ಲೋ. ಇನ್ನು ಸಿಗಾಕಿಲ್ಲ.”

“ನಿಮ್ಗೆ ಅವತ್ತೇ ಗೊತ್ತಿತ್ತಾ?”

ತಲೆಯಾಡಿಸಿದೆ. ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

“ಅವ್ರು ಓಗ್ಬುಟ್ರು ಅಂತ ನಂಗೂ ಅವತ್ತೇ ಗೊತ್ತಿತ್ತು. ಬದುಕವ್ರೆ ಅಂತ ಕಾದೋಳಲ್ಲ ನಾನು. ಎಣ ಸಿಗ್ದೆ ಎಡೆ ಎಂಗಿಕ್ಕದು ಅಂತ ಕಾದೆ. ಸಿಗಾಕಿಲ್ಲ ಅಂತ ನೀವೊಂದ್ ಮಾತು ಏಳಿದ್ರೆ, ಅನ್ನೊಂದು ವರ್ಸ ಅವ್ರು ಉಣ್ದೆ ಅಸ್ಕೊಂಡಿರೋದು ತಪ್ತಿತ್ತು.”

ಬಸ್ಸು ಬಂತು, ಹತ್ತಿ ಹೋದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬಸ್‌ಸ್ಟ್ಯಾಂಡಿನ ಹತ್ತಿರವೇ ಇದ್ದ ಕೋಟೆ ಬಾಗಿಲಿನ ಪಕ್ಕದಲ್ಲಿ ನಿಂತು ನಾನು ಅತ್ತೆ. ಆಮೇಲೆ ಭಾಷಣ ನಿಲ್ಲಿಸಿದೆ. ಯಾಕೆಂದು ಕೇಳಿದ ಮ್ಯೂಸಿಯಮ್ಮಿನವರಿಗೆ ಮಂಡಿನೋವು ಎಂದೆ.

ಆ ವರ್ಷದ ಪಿತೃಪಕ್ಷಕ್ಕೆ ಅವಳು ಮೂರು ಎಲೆ ಹಾಕಿದಳು. ತಮ್ಮನ ಎಲೆಗೆ ಮುದ್ದೆ, ಮಟನ್ ಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಪೆಟ್ಟಿಗೆಯಿಂದ ಅದೇ ಪ್ಲಾಸ್ಟಿಕ್ ಕವರು ತೆಗೆದಳು. ಪಂಚೆ ಮಡಿಕೆಯಲ್ಲೆಲ್ಲ ಹಳದಿಯಾಗಿತ್ತು. ಎಲೆಯ ಮುಂದೆ ಇಟ್ಟು ಧೂಪ ಹಾಕಿದಳು. ಹಿರಿಯರು ಬಂದು ಉಣ್ಣಲೆಂದು ಎಂದಿನಂತೆ ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬಂದೆವು. ಸಾಮಾನ್ಯವಾಗಿ ಐದು ನಿಮಿಷಕ್ಕೆ ಬಾಗಿಲು ತೆಗೆಯುತ್ತಾರೆ. ಅವತ್ತು ಅವಳು ತೆಗೆಯಲೇ ಇಲ್ಲ. ಹಸಿದ ಮಕ್ಕಳು ಗಲಾಟೆ ಶುರು ಮಾಡಿದವು. ಬಾಗಿಲು ತೆಗೆಯೋಣವೆಂದು ನಾನು ಎದ್ದೆ. ಅವಳು ಮೊದಲ ಸಲ ನನಗೆ ಅಡ್ಡ ಬಂದು ನಿಂತಳು.

“ಇರ್ಲಿ ಬುಡಿ ಭಾವ. ನಿಧಾನುಕ್ ಉಣ್ಲಿ.”