ಅಂಜನಮ್ಮನವರ ತುಳಸಿ ನೀರು

ಹನ್ನೊಂದು ವರ್ಷದ ಹಿಂದೆ ಅಂಜನಮ್ಮನವರ ಕೈಯಿಂದ ಚಮಚ ಕಿತ್ತುಕೊಂಡವಳು ನಾನು. ಆಗಷ್ಟೇ ಡಾಕ್ಟರ್ ಓದು ಮುಗಿಸಿ ವಾರ್ಡಿನಲ್ಲಿ ತರಬೇತಿಗೆ ಸೇರಿದ್ದೆ. ಕೊರಳಿಗೆ ಸ್ಟೆತಾಸ್ಕೋಪು ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಅಂಜನಮ್ಮ ಚಾಮರಾಜಪೇಟೆಯ ಒಂದು ತಿರುವಿನಲ್ಲಿ ಸೊಪ್ಪು ಮಾರುತ್ತಿದ್ದರು. ದಂಟು, ಮೆಂತ್ಯ, ಸಬ್ಬಸಿಗೆ. ಗೋಣಿಚೀಲದ ಮೇಲೆ ನೀರು ಚಿಮುಕಿಸುತ್ತಾ, ಚೌಕಾಸಿ ಮಾಡುವವರನ್ನು ಕಾಡಿಸುತ್ತಾ ಮೂವತ್ತು ವರ್ಷ ಅಲ್ಲೇ ಕೂತವರು. ಬೆಳಗಾದರೆ ಮಾರ್ಕೆಟ್ಟಿನಿಂದ ಸೊಪ್ಪಿನ ಹೊರೆ ತರುತ್ತಿದ್ದವರು ಅವರ ಗಂಡ ಸೊಣ್ಣಪ್ಪ. ಮಕ್ಕಳಿರಲಿಲ್ಲ. ಆ ಸೊಣ್ಣಪ್ಪ ಲಿವರ್ ಕೆಟ್ಟು ನಮ್ಮ ವಾರ್ಡಿನಲ್ಲಿ ಮಲಗಿದ್ದರು. ಅಂದಿನ ಸಂಜೆ ದಾಟುವುದಿಲ್ಲವೆಂದು ನಮಗೆ ಗೊತ್ತಿತ್ತು, ಅಂಜನಮ್ಮನವರಿಗೂ ಹೇಳಿದ್ದೆವು.

ಅವರು ಸೆರಗಿನ ಮರೆಯಿಂದ ಸಣ್ಣ ಲೋಟ ತೆಗೆದರು. ನೀರು, ಅದರಲ್ಲೊಂದು ದಳ ತುಳಸಿ. ಮಂಚಕ್ಕೆ 'ಬಾಯಿಂದ ಏನೂ ಕೊಡಬಾರದು' ಎಂದು ಚೀಟಿ ಅಂಟಿಸಿದ್ದವಳು ನಾನೇ. ಚಮಚ ಗಂಡನ ತುಟಿಯ ಹತ್ತಿರ ಹೋಗುತ್ತಿದ್ದಂತೆ, "ಏನ್ರೀ ಮಾಡ್ತಿದೀರಾ? ಶ್ವಾಸಕ್ಕೆ ಹೋದ್ರೆ ಯಾರು ಜವಾಬ್ದಾರಿ?" ಎಂದು ಕಿರುಚಿ ಕಿತ್ತುಕೊಂಡೆ.

"ಒಂದೇ ಹನಿ ತಾಯೀ. ಬಾಯಿಗೆ ನೀರು ಬಿಡೋಕೆ ನಾನೊಬ್ಳೇ ಇರೋದು," ಎಂದರು.

ಅವರನ್ನು ಹೊರಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಸೊಣ್ಣಪ್ಪ ಹೋದರು. ನಾನು ಯಾರನ್ನು ಕಾಪಾಡಿದೆನೋ ಇವತ್ತಿಗೂ ತಿಳಿಯದು.

ತಿಂಗಳಾದ ಮೇಲೆ ಮರಣಪತ್ರಕ್ಕೆ ಬಂದ ಅಂಜನಮ್ಮ ನಮ್ಮ ಪ್ರೊಫೆಸರ್ ಚಕ್ರಪಾಣಿಯವರ ಮುಂದೆ ಇದನ್ನು ಹೇಳಿ ಅತ್ತರಂತೆ. ಪ್ರತಿ ವರ್ಷ ತರಬೇತಿಗೆ ಸೇರುವ ಹೊಸ ಡಾಕ್ಟರುಗಳಿಗೂ ಬಂದು ಇದನ್ನೇ ಹೇಳಿ ಎಂದು ಪ್ರೊಫೆಸರ್ ಅವರನ್ನು ಕೇಳಿಕೊಂಡರು. ಅಂಜನಮ್ಮ ಒಪ್ಪಿದರು. ಆ ಒಂದು ದಿನ ವ್ಯಾಪಾರ ಬಿಟ್ಟು, ಒಗೆದ ಸೀರೆ ಉಟ್ಟು ಬರುತ್ತಿದ್ದರು. "ಹೋಗೋ ಜೀವ ಹೇಗೂ ಹೋಗುತ್ತೆ ಮಕ್ಳಾ. ತುಟಿಯಾದ್ರೂ ಒದ್ದೆ ಮಾಡೋಕೆ ಬಿಡಿ," ಎನ್ನುತ್ತಿದ್ದರು. ಆ ಡಾಕ್ಟರ್ ಯಾರೆಂದು ಕೇಳಿದರೆ, "ಯಾರೋ ಚಿಕ್ಕ ಹುಡುಗಿ, ಮರ್ತೋಯ್ತು," ಅಷ್ಟೇ.

ಮರೆತಿರಲಿಲ್ಲ. ಹೋಗುವಾಗ ನನ್ನ ಕೈಗೆ ಒಂದು ಕಟ್ಟು ಸಬ್ಬಸಿಗೆ ಇಟ್ಟು ಹೋಗುತ್ತಿದ್ದರು. ಚಕ್ರಪಾಣಿಯವರು ನಿವೃತ್ತರಾದ ಮೇಲೆ ಆ ಪಾಠ ನಡೆಸುವವಳೂ ನಾನೇ ಆದೆ. ಆದರೂ ಎದ್ದು ನಿಂತು 'ಅದು ನಾನು' ಎನ್ನಲು ಒಂದು ವರ್ಷವೂ ಬಾಯಿ ಬರಲಿಲ್ಲ. ಹೇಡಿ ನಾನು.

ಈ ಆಷಾಢದಲ್ಲಿ ಅಂಜನಮ್ಮನವರೇ ಬಂದು ನಮ್ಮ ವಾರ್ಡಿನಲ್ಲಿ ಮಲಗಿದರು. ಹೃದಯ ಸೋತಿತ್ತು. ಕೊನೆಯ ದಿನ, ತರಬೇತಿಯಲ್ಲಿದ್ದ ಯಶಶ್ರೀ ತಾನಾಗಿಯೇ ತುಳಸಿ ನೀರು ತಂದಳು. ಅವರಿಂದಲೇ ಕಲಿತ ಹುಡುಗಿ. ಜೊತೆಯವರೂ ಮಂಚದ ಸುತ್ತ ನಿಂತಿದ್ದರು. ನಾನು ಚಮಚ ಇಸಿದುಕೊಂಡು, "ಅವತ್ತು ಕಿತ್ಕೊಂಡೋಳು ನಾನೇ ಯಶಶ್ರೀ," ಎಂದೆ.

ಅಂಜನಮ್ಮ ನನ್ನ ಕೈ ಹಿಡಿದರು. "ಅದನ್ನ ಯಾವತ್ತೋ ಬಿಟ್ಬಿಟ್ಟೆ ಕಣಮ್ಮಾ."

ಚಮಚವನ್ನು ಅವರ ತುಟಿಗೆ ಹಿಡಿದೆ. ಅವರು ಮುಖ ಆಚೆ ತಿರುಗಿಸಿದರು.

"ಬೇಡ. ಅವ್ರು ಒಣ ಬಾಯಲ್ಲೇ ಹೋದ್ರು. ನಾನು ಕುಡ್ಕೊಂಡು ಹೋಗಿ ಅವ್ರಿಗೆ ಏನಂತ ಹೇಳ್ಲಿ?"

ಬೇಡಿಕೊಂಡೆ, ಎಲ್ಲರೆದುರೇ ಅತ್ತೆ. ತುಟಿ ತೆರೆಯಲಿಲ್ಲ. ಸಂಜೆ ಐದಕ್ಕೆ ಅವರು ಹೋದಾಗ ನೀರು ನನ್ನ ಕೈಯಲ್ಲೇ ಇತ್ತು.